ಒಂದು ಒತ್ತಿದರೆ ಹೌದು

ಬೆನ್ನು ಒರೆಸಲು ಮಗ್ಗುಲಿಗೆ ಹೊರಳಿಸುವಾಗ ಮುತ್ತಕ್ಕ ಏಳನೇ ಹಾಸಿಗೆಯ ಅಜ್ಜಿಯ ಎಡ ಮಣಿಕಟ್ಟನ್ನು ಹಿಡಿದಳು, ಹಿಡಿದವಳು ತಕ್ಷಣ ಬಿಟ್ಟಳು. ಬಂದ ದಿನ ನೀಲಿಯಾಗಿದ್ದ ಕಲೆ ಈಗ ಹಳದಿಗೆ ತಿರುಗಿ ಒಂದು ಆಕಾರಕ್ಕೆ ಬಂದಿತ್ತು. ಮಣಿಕಟ್ಟಿನ ಸುತ್ತ ಒಂದೇ ಅಗಲದ ಪಟ್ಟಿ, ಬಳೆ ತೊಟ್ಟ ಹಾಗೆ. ಬಿದ್ದವರಿಗೆ ಮೊಣಕೈ ತರಚುತ್ತದೆ, ಸೊಂಟ ಕಂದುತ್ತದೆ, ಹಣೆ ಊದುತ್ತದೆ. ಮಣಿಕಟ್ಟಿಗೆ ಬಳೆ ಮೂಡುವ ಹಾಗೆ ಬೀಳುವ ವಿದ್ಯೆ ಯಾರಿಗೂ ಬರುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಮುದುಕರ ಮೈ ಒರೆಸಿಕೊಂಡು ಬಂದ ನರ್ಸಿಗೆ ಅಷ್ಟೂ ತಿಳಿಯದಿದ್ದರೆ ಹೇಗೆ?

ಫೈಲಿನಲ್ಲಿ ಮಾತ್ರ ಬೇರೆ ಇತ್ತು. "ಮನೆಯಲ್ಲಿ ಜಾರಿ ಬಿದ್ದದ್ದು. ಮೈಯಲ್ಲಿ ನೀರಿನ ಅಂಶ ಕಡಿಮೆ. ವಿವರ ಕೊಟ್ಟವರು: ಮಗ." ವಿವರ ಮಗನೇ ಕೊಡಬೇಕಾಗಿತ್ತು, ಯಾಕೆಂದರೆ ಅಜ್ಜಿಗೆ ಮಾತಿರಲಿಲ್ಲ. ಐದು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು, ನಾಲಿಗೆ ಮೂರನ್ನೂ ಒಟ್ಟಿಗೆ ತೆಗೆದುಕೊಂಡು ಹೋಗಿತ್ತು. ಮಾತು ಹೋದವರಿಗೆ ಬುದ್ಧಿಯೂ ಹೋಗಿದೆ ಅಂತ ತಿಳಿಯುವುದು ಲೋಕದ ರೂಢಿ. ಆಯಾ ಅಂತೂ ಅಜ್ಜಿಯ ಮುಂದೆಯೇ, "ಇದಕ್ಕೆ ಏನೂ ತಿಳಿಯಲ್ಲ ಪಾಪ" ಅನ್ನುತ್ತಿದ್ದಳು.

ತಿಳಿಯುತ್ತದೆ ಅಂತ ಕಂಡುಹಿಡಿದವಳು ಮುತ್ತಕ್ಕ. ಅದು ಹೋದ ವಾರದ ಮಾತು. ಲೋಟ ಹಿಡಿದು, "ನೀರು ಬೇಕಾ ಅಜ್ಜಿ?" ಅಂದಾಗ ತನ್ನ ಅಂಗೈಯೊಳಗಿದ್ದ ಎಡಗೈ ಒಮ್ಮೆ ಬಿಗಿಯಾಗಿ ಸಡಿಲಾಯಿತು. ಕುಡಿಸಿದ ಮೇಲೆ, "ಇನ್ನೂ ಬೇಕಾ?" ಅಂದರೆ ಎರಡು ಸಲ. ಕಾಕತಾಳೀಯ ಇರಬಹುದು ಅಂತ ಅವಳು ಕಿಟಕಿ ತೋರಿಸಿ, "ಇದು ಬಾಗಿಲಾ?" ಅಂತ ಕೇಳಿದಳು. ಎರಡು. ಗೋಡೆಯ ಗಡಿಯಾರ ತೋರಿಸಿ, "ಈಗ ಹನ್ನೊಂದು ಗಂಟೆನಾ?" ಒಂದು. ಕೊನೆಗೆ ತನ್ನ ಮೂಗು ಮುಟ್ಟಿ, "ನಾನು ಸುಂದರಿಯಾ?" ಅಂದಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಎರಡು. ಅಜ್ಜಿಯ ಬಾಯಿಯ ಎಡತುದಿ ಮೇಲಕ್ಕೆ ಹೋಯಿತು. ಮುತ್ತಕ್ಕ ಆವತ್ತು ಊಟದ ಹೊತ್ತಿನ ತನಕ ನಗುತ್ತಲೇ ಓಡಾಡಿದಳು.

ಅವಳಿಗೆ ಮುತ್ತಕ್ಕ ಅಂತ ಹೆಸರು ಬಿದ್ದದ್ದೇ ಮುತ್ತು ಪೋಣಿಸಿದಂಥ ಅಕ್ಷರದಿಂದ. ಅಕ್ಷರ ಚೆನ್ನಾಗಿರುವವರಿಗೆ ಒಂದು ಚಾಳಿ ಇರುತ್ತದೆ, ಬರೆಯದೆ ಬಿಡಲಾರರು. ಅದೇ ಮಧ್ಯಾಹ್ನ ಅವಳು ದಪ್ಪ ಹಾಳೆಯೊಂದರ ಮೇಲೆ ಬರೆದು ಫೈಲಿನ ಮೊದಲ ಪುಟಕ್ಕೆ ಸೇರಿಸಿದಳು: "ಇವರಿಗೆ ಎಲ್ಲವೂ ತಿಳಿಯುತ್ತದೆ. ಎಡಗೈ ಹಿಡಿದು ಕೇಳಿ. ಒಂದು ಸಲ ಒತ್ತಿದರೆ ಹೌದು. ಎರಡು ಸಲ ಒತ್ತಿದರೆ ಇಲ್ಲ. ಅವಸರ ಮಾಡಬೇಡಿ." ಮೂರು ಪಾಳಿಯ ನರ್ಸುಗಳೂ ಓದಿದರು. ಆಯಾ ಓದಿಸಿಕೊಂಡಳು, ಆಮೇಲೆ ಎರಡು ದಿನ ಅಜ್ಜಿಯ ಮುಖ ನೋಡಲು ನಾಚಿದಳು.

ಈಗ ಸೋಮವಾರ ಬೆಳಿಗ್ಗೆ ಮುತ್ತಕ್ಕ ಅಜ್ಜಿಯನ್ನು ಮತ್ತೆ ಬೆನ್ನ ಮೇಲೆ ಮಲಗಿಸಿ, ಹೊದಿಕೆ ಸರಿಮಾಡಿ, ಪರದೆ ಎಳೆದು, ಮಂಚದ ಅಂಚಿಗೆ ಕೂತಳು. ಎಡಗೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಅಜ್ಜಿ, ಇದು ಬಿದ್ದು ಆದದ್ದಾ?"

ಎರಡು.

"ಯಾರಾದ್ರೂ ಮಾಡಿದ್ದಾ?"

ಅಜ್ಜಿ ಮೇಲಿನ ಫ್ಯಾನನ್ನು ನೋಡುತ್ತಿದ್ದಳು. ಒಂದು.

ಮನೆಯಲ್ಲಿ ಇದ್ದದ್ದು ಇಬ್ಬರೇ, ತಾಯಿ ಮತ್ತು ಮಗ. ಆದರೂ ಕೇಳಬೇಕಲ್ಲ. "ಮಗನಾ?" ಅಂದಾಗ ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಅಜ್ಜಿಗೆ ಕೇಳಿಸಿತು. ಒಂದು.

ಹೀಗೆ ಅರ್ಧ ಗಂಟೆ. ಹೌದು, ಇಲ್ಲ ಎರಡರಲ್ಲೇ ಒಂದು ಮನೆಯ ಒಳಗನ್ನು ಹುಡುಕುವುದು ಕತ್ತಲಲ್ಲಿ ಸಾಮಾನು ತಡವಿದ ಹಾಗೆ. ಕೈಗೆ ಏನೋ ತಾಗುತ್ತದೆ, ಅದು ಏನಲ್ಲ ಅಂತ ಮೊದಲು ಗೊತ್ತಾಗುತ್ತದೆ, ಏನು ಅನ್ನುವುದು ಆಮೇಲೆ. ಹೊಡೆಯುತ್ತಾನಾ? ಎರಡು. ಬೈಯುತ್ತಾನಾ? ಎರಡು. ಕೆಲಸಕ್ಕೆ ಹೋಗುವಾಗ ಬಾಗಿಲಿಗೆ ಬೀಗ ಹಾಕುತ್ತಾನಾ? ಒಂದು. ನೀರು ಇಟ್ಟು ಹೋಗುತ್ತಾನಾ? ಎರಡು. ಹಾಸಿಗೆ ಒದ್ದೆಯಾಗುತ್ತೆ ಅಂತಲಾ? ಒಂದು. ಕೈ ಕಟ್ಟುತ್ತಾನಾ? ಒಂದು. ಇದು ಒಂದೇ ಕೈ ತಾನೇ ಆಡುವುದು, ಇದನ್ನು ಯಾಕೆ ಕಟ್ಟಬೇಕು? ಅದಕ್ಕೆ ಹೌದು ಇಲ್ಲ ಅನ್ನಲು ಬರುವುದಿಲ್ಲ. ಮುತ್ತಕ್ಕ ಯೋಚಿಸಿ, "ನೀವು ಗೋಡೆ ಬಡೀತಿದ್ರಾ ಅಜ್ಜಿ? ಪಕ್ಕದ ಮನೆಯವರಿಗೆ ಕೇಳಲಿ ಅಂತ?" ಅಂದಳು. ಕೈ ಎಷ್ಟು ಬಿಗಿಯಾಯಿತೆಂದರೆ ಉಗುರು ನಾಟಿತು.

"ಯಾರಿಗೂ ಹೇಳ್ಬೇಡಿ ಅಂತೀರಾ?"

ಒಂದು.

"ಡಾಕ್ಟರಿಗೆ? ಅವರೊಬ್ಬರಿಗೆ ಮಾತ್ರ ಹೇಳ್ಲಾ?"

ಅಜ್ಜಿಯ ಕಣ್ಣು ಫ್ಯಾನಿನಿಂದ ಕೆಳಗಿಳಿದು ಮುತ್ತಕ್ಕನ ಮೇಲೆ ನಿಂತಿತು. ಒಂದು ಕಾಲಕ್ಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಂತಿ ಜೋಡಿಸುತ್ತಿದ್ದ ಹೆಂಗಸು. ಊರಿನ ಸಾಲ, ಜಗಳ, ಪ್ರೀತಿ, ಸಾವು ಎಲ್ಲ ಅವಳ ಕಿವಿಯ ಮೂಲಕವೇ ಹಾದುಹೋದವಂತೆ, ಒಂದೂ ಬಾಯಿಂದ ಹೊರಗೆ ಬರಲಿಲ್ಲವಂತೆ. ಗುಟ್ಟು ಅಂದರೆ ಏನು ಅಂತ ಅವಳಿಗೆ ಮುತ್ತಕ್ಕನಿಗಿಂತ ಚೆನ್ನಾಗಿ ಗೊತ್ತಿತ್ತು. ತುಂಬ ಹೊತ್ತಾದ ಮೇಲೆ ಕೈ ಒತ್ತಿತು. ಒಂದು.

"ಡಾಕ್ಟರಿಗೆ ಮಾತ್ರ. ಆಣೆ ಮಾಡಿ ಹೇಳ್ತೀನಿ," ಅಂದಳು ಮುತ್ತಕ್ಕ.

ಡಾಕ್ಟರು ಬರುವುದು ಗುರುವಾರ. ವಾರ್ಡಿನ ಮೇಲ್ವಿಚಾರಕಿಯನ್ನು ಎಲ್ಲರೂ ದೊಡ್ಡಕ್ಕ ಅನ್ನುತ್ತಿದ್ದರು. ಅವಳು ಊಟಕ್ಕೆ ಹೊರಟು ನಿಂತಿದ್ದಳು, ಕೈಯಲ್ಲಿ ಡಬ್ಬಿ. ಮುತ್ತಕ್ಕ, "ಏಳನೇ ಹಾಸಿಗೆ ವಿಷಯ ಸ್ವಲ್ಪ ಗಂಭೀರ ಇದೆ, ಡಾಕ್ಟರಿಗೇ ಹೇಳ್ಬೇಕು" ಅಂದಾಗ ಪೂರ್ತಿ ಕೇಳದೆಯೇ ಉತ್ತರ ಕೊಟ್ಟಳು. "ಹೇಳಿದ್ರೆ ಗಾಳಿಗೆ ಹೋಗುತ್ತೆ. ಬರಿ. ಬರೆದದ್ದು ಆಗಿದೆ, ಬರೀದೆ ಇದ್ದದ್ದು ಆಗೇ ಇಲ್ಲ, ಗೊತ್ತಲ್ಲ? ರೋಗಿ ಹೇಳಿದ್ದನ್ನ ಹೇಳಿದ ಹಾಗೇ ಬರಿ. ನಿನ್ನ ಒಗ್ಗರಣೆ ಬೇಡ."

ಮುತ್ತಕ್ಕ ಒಗ್ಗರಣೆ ಹಾಕುವವಳೇ ಅಲ್ಲ. ಪ್ರಶ್ನೆ ಒಂದು ಸಾಲು, ಉತ್ತರ ಒಂದು ಸಾಲು, ಎಡಕ್ಕೆ ಗಂಟೆ, ಕೊನೆಗೆ ಸಹಿ. ಹಾಳೆಯ ಎರಡೂ ಮಗ್ಗುಲು ತುಂಬಿದವು. ಓದಿ ನೋಡಿದಾಗ ಅವಳಿಗೆ, ಸುಳ್ಳು ಯಾಕೆ, ಎಷ್ಟು ಚೆನ್ನಾಗಿ ಬರೆದೆ ಅಂತ ಒಂದು ಸಮಾಧಾನ ಆಯಿತು. ಹಾಳೆಯನ್ನು ಫೈಲಿಗೆ ಸೇರಿಸಿದಳು. ಫೈಲನ್ನು ಮಂಚದ ಕಾಲುಕಡೆಯ ಕೊಕ್ಕೆಗೆ ಸಿಕ್ಕಿಸಿದಳು.

ಆ ಕೊಕ್ಕೆಗಳು ಅವಳದೇ ಉಪಾಯ. ಮೊದಲು ಫೈಲುಗಳೆಲ್ಲ ನರ್ಸುಗಳ ಕೋಣೆಯ ಬೀರುವಿನಲ್ಲಿ, ಬೀಗದೊಳಗೆ ಇರುತ್ತಿದ್ದವು. ಒಂದು ಜ್ವರದ ಅಂಕಿ ಬರೆಯಲು ವಾರ್ಡಿನ ಉದ್ದಕ್ಕೂ ನಡೆದು ಬರಬೇಕು, ಬೀಗದ ಕೈ ಇಟ್ಟುಕೊಂಡವರನ್ನು ಹುಡುಕಬೇಕು. ಎರಡು ವರ್ಷದ ಹಿಂದೆ ಮುತ್ತಕ್ಕನೇ ಹೇಳಿ ಪ್ರತಿ ಮಂಚಕ್ಕೂ ಕೊಕ್ಕೆ ಹಾಕಿಸಿದ್ದಳು. ನರ್ಸುಗಳ ಕಾಲುನೋವು ಅರ್ಧ ಕಡಿಮೆಯಾಯಿತು, ಎಲ್ಲರೂ ಅವಳನ್ನು ಹರಸಿದರು. ದಿನಕ್ಕೆ ಮೂವತ್ತು ಸಲ ಫೈಲನ್ನು ಕೊಕ್ಕೆಗೆ ಸಿಕ್ಕಿಸುವ ಕೈ ಆವತ್ತೂ ಅದನ್ನೇ ಮಾಡಿತು.

ಮಂಗಳವಾರ ಅವಳಿಗೆ ರಜೆ.

ಬುಧವಾರ ಬೆಳಿಗ್ಗೆ ಪಾಳಿಗೆ ಬಂದವಳು ಮೊದಲು ನೋಡಿದ್ದು ಫೈಲನ್ನು. ಹಾಳೆಗಳ ಅಂಚುಗಳು ಒಂದಕ್ಕೊಂದು ಸಮನಾಗಿ ಕೂತಿದ್ದವು. ವಾರ್ಡಿನಲ್ಲಿ ಯಾವ ಫೈಲೂ ಹಾಗೆ ಇರುವುದಿಲ್ಲ; ನರ್ಸುಗಳಿಗೆ ಹಾಳೆ ತಟ್ಟಿ ಜೋಡಿಸುವಷ್ಟು ಪುರುಸೊತ್ತು ಎಲ್ಲಿ? ಮೂಲೆ ಮಡಿಚಿದ್ದ ಒಂದೆರಡು ಹಾಳೆಗಳನ್ನು ಯಾರೋ ಉಗುರಿನಿಂದ ತೀಡಿ ನೆಟ್ಟಗೆ ಮಾಡಿದ್ದರು.

"ನಿನ್ನೆ ಏಳನೇ ಹಾಸಿಗೆಗೆ ಯಾರು ಬಂದಿದ್ರೇ?" ಅಂತ ಆಯಾಳನ್ನು ಕೇಳಿದಳು.

"ಇನ್ಯಾರು ಬರ್ತಾರೆ, ಬಿಸ್ಕತ್ತಣ್ಣ," ಅಂದಳು ಆಯಾ. "ಮಧ್ಯಾಹ್ನದಿಂದ ಸಂಜೆ ತನಕ ಕೂತಿದ್ರು. ಪುಣ್ಯಾತ್ಮ, ತಾಯಿ ಕೈಯನ್ನ ಒಂದು ಗಳಿಗೆ ಬಿಡ್ಲಿಲ್ಲ."

ಬಂದಾಗಲೆಲ್ಲ ವಾರ್ಡಿನವರಿಗೆ ಒಂದು ಪೊಟ್ಟಣ ಬಿಸ್ಕತ್ತು ತರುತ್ತಿದ್ದದ್ದರಿಂದ ಮಗನಿಗೆ ಆ ಹೆಸರು. ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ತಗ್ಗಿದ ದನಿ. ಎತ್ತರದ ಕಟ್ಟಡಗಳ ಲಿಫ್ಟುಗಳನ್ನು ತಪಾಸಣೆ ಮಾಡಿ ಇದು ಸುರಕ್ಷಿತ ಅಂತ ಸಹಿ ಹಾಕುವುದು ಅವನ ಕೆಲಸ. ಸೊಂಟದ ಪಟ್ಟಿಗೆ ಒಂದು ಬೀಗದ ಕೈ ಗೊಂಚಲು. ಕೂತಾಗ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಒಂದೊಂದೇ ಕೀಲಿಯನ್ನು ಸರಿಸುತ್ತಿರುತ್ತಿದ್ದ, ಅದರ ಸಣ್ಣ ಕಿಣಿಕಿಣಿ ಮೂರು ಹಾಸಿಗೆಯ ಆಚೆಗೂ ಕೇಳುತ್ತಿತ್ತು. ಕೆಲಸದಲ್ಲಿ ಕಟ್ಟಡಕ್ಕೊಂದು ದಾಖಲೆ ಪುಸ್ತಕ ಓದಿ ಓದಿ ಅಭ್ಯಾಸವಾದವನು. ವಾರ್ಡಿಗೆ ಬಂದ ಮೊದಲ ದಿನವೇ, "ತಾಯಿಯ ಫೈಲು ನೋಡಬಹುದಾ?" ಅಂತ ಕೇಳಿದ್ದ. ಮಗ ಕೇಳಿದರೆ ಇಲ್ಲ ಅನ್ನುವವರು ಯಾರು? ನೋಡಿ ಅಂದವಳೂ ಮುತ್ತಕ್ಕನೇ.

ಅವಳು ಅಜ್ಜಿಯ ಹತ್ತಿರ ಹೋಗಿ ಕೈ ಹಿಡಿದಳು. "ಅಜ್ಜಿ, ನೀರು ಬೇಕಾ?"

ಏನೂ ಇಲ್ಲ.

"ನಿದ್ದೆ ಬಂತಾ? ನೋವಿದೆಯಾ? ಅಜ್ಜಿ, ಇಲ್ಲಿ ನೋಡಿ. ನನ್ನ ಮೇಲೆ ಕೋಪಾನಾ?"

ಕೈ ಬೆಚ್ಚಗಿತ್ತು, ಮೆತ್ತಗಿತ್ತು, ಯಾರದೋ ಮರೆತು ಹೋದ ವಸ್ತುವಿನಂತೆ ಅವಳ ಅಂಗೈಯಲ್ಲಿ ಬಿದ್ದಿತ್ತು. ಕಣ್ಣು ಫ್ಯಾನಿನ ಮೇಲೆ. ಮುತ್ತಕ್ಕ ಲೋಟವನ್ನು ತುಟಿಗೆ ಹಿಡಿದಳು. ಅಜ್ಜಿ ಕುಡಿದಳು, ಅಷ್ಟೇ.

ಸೋಮವಾರ ಬರೆದ ಹಾಳೆಯನ್ನು ಅವಳು ಫೈಲಿನಿಂದ ಬಿಡಿಸಿ, ದೊಡ್ಡಕ್ಕನ ಕೈಯಿಂದ ಬೀಗದ ಕೈ ಇಸಿದುಕೊಂಡು ಬೀರುವಿನೊಳಗೆ ಇಟ್ಟಳು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ತನ್ನ ಬಗ್ಗೆಯೇ ಆ ಮಾತು ನೆನಪಾಗಿ ಅವಳಿಗೆ ಅಳು ಬಂತು.

ಸಂಜೆ ನಾಲ್ಕಕ್ಕೆ ಅವನು ಬಂದ. ಬಿಸ್ಕತ್ತು ಪೊಟ್ಟಣವನ್ನು ನರ್ಸುಗಳ ಮೇಜಿನ ಮೇಲಿಟ್ಟ. ಕುರ್ಚಿ ಎಳೆದುಕೊಂಡು, ತಾಯಿಯ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕೂತ. ಮುತ್ತಕ್ಕ ಪಕ್ಕದ ಹಾಸಿಗೆಯ ಹೊದಿಕೆ ಬದಲಿಸುವ ನೆಪದಲ್ಲಿ ಅಲ್ಲೇ ನಿಂತಳು.

"ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು ಸಿಸ್ಟರ್," ಅಂದ ಅವನು ತಲೆ ಎತ್ತದೆ. "ಐದು ತಿಂಗಳಾಯ್ತು, ಅಮ್ಮನ ಜೊತೆ ಒಂದು ಮಾತು ಆಡಿರ್ಲಿಲ್ಲ ನಾನು. ಇವರಿಗೆ ಏನೂ ತಿಳಿಯಲ್ಲ ಅಂತಿದ್ದೆ. ನಿಮ್ಮ ಹಾಳೆ ಓದಿ ಗೊತ್ತಾಯ್ತು, ಎಲ್ಲ ತಿಳಿಯುತ್ತೆ."

"ಹೌದು ಸರ್. ಎಲ್ಲ ತಿಳಿಯುತ್ತೆ."

"ನಿನ್ನೆ ಕೂತು ಎಲ್ಲ ಕೇಳಿದೆ. ನೀವು ಏನೇನು ಕೇಳಿದ್ರೋ ಅದನ್ನೇ, ಅದೇ ಕ್ರಮದಲ್ಲಿ. ಬೇರೆಬೇರೆ ಉತ್ತರ ಬಂತು." ಅವನು ಮೆಲ್ಲಗೆ ನಕ್ಕ. "ಅವರ ತಪ್ಪಲ್ಲ ಬಿಡಿ. ವಯಸ್ಸು. ಲಿಫ್ಟಿನಲ್ಲೂ ಹೀಗೇ, ಗುಂಡಿ ಒತ್ತೋರು ಒಂದು ಒತ್ತಿರ್ತಾರೆ, ಅದು ಇನ್ನೊಂದು ಕಡೆ ನಿಲ್ಲುತ್ತೆ. ಅಲ್ವಾ ಅಮ್ಮ?"

ಎರಡು ಕೈಗಳ ಒಳಗೆ ಅಜ್ಜಿಯ ಕೈ ಕಾಣುತ್ತಲೇ ಇರಲಿಲ್ಲ.

"ನೋಡಿ, ಹೌದು ಅಂತಾರೆ," ಅಂದ ಅವನು. ಆಮೇಲೆ, "ಅಕ್ಷರ ಬಹಳ ಚೆನ್ನಾಗಿದೆ ನಿಮ್ದು. ಕೆಳಗೆ ಸಹಿ ಕೂಡ ಸ್ಪಷ್ಟ. ಯಾರು ಬರೆದದ್ದು ಅಂತ ಯಾರನ್ನೂ ಕೇಳೋ ಹಾಗೇ ಇಲ್ಲ. ಅಮ್ಮನಿಗೂ ಅದನ್ನೇ ಹೇಳ್ದೆ, ಪಾಪ, ನಿಮ್ಮ ಸಿಸ್ಟರ್‌ಗೆ ಇದರಿಂದ ತೊಂದರೆ ಆಗ್ಬಾರ್ದು ಅಂತ."

ಮುತ್ತಕ್ಕನ ಕೈಯಲ್ಲಿದ್ದ ತಲೆದಿಂಬಿನ ಗವಸು ಹಾಗೇ ನಿಂತಿತು. ಅಜ್ಜಿ ಬೆಳಗಿನಿಂದ ಯಾಕೆ ಮಾತಾಡಲಿಲ್ಲ ಅಂತ ಆಗ ಅವಳಿಗೆ ಗೊತ್ತಾಯಿತು. ಅಜ್ಜಿ ಹೆದರಿದ್ದು ತನ್ನೊಬ್ಬಳಿಗಾಗಿ ಅಲ್ಲ.

ಗುರುವಾರ ಡಾಕ್ಟರು ಬಂದರು. ಒಳ್ಳೆಯವರೇ, ಆದರೆ ನಾಲ್ಕು ಕಡೆ ಹೀಗೆ ಸುತ್ತುವವರು, ಕಾಲಿಗೆ ಚಕ್ರ ಕಟ್ಟಿಕೊಂಡೇ ಬರುತ್ತಿದ್ದರು. ನರ್ಸುಗಳ ಕೋಣೆಯಲ್ಲಿ ನಿಂತೇ ಸೋಮವಾರದ ಹಾಳೆ ಓದಿದರು, ಎರಡು ಸಲ ಓದಿದರು, ಕನ್ನಡಕ ತೆಗೆದು ಒರೆಸಿದರು. "ಇದು ಸಣ್ಣ ವಿಷಯ ಅಲ್ಲಮ್ಮ," ಅಂದರು. ಮುತ್ತಕ್ಕನಿಗೆ ಹೋದ ಜೀವ ಬಂದಂತಾಯಿತು.

ಆದರೆ ಮಗ ಆಗಲೇ ಬಂದು ಹಾಸಿಗೆಯ ಪಕ್ಕ ಕೂತಿದ್ದ. ಆವತ್ತು ಕೆಲಸಕ್ಕೆ ರಜೆ ಹಾಕಿದ್ದನಂತೆ. ಡಾಕ್ಟರು ವಿಷಯ ಎತ್ತಿದಾಗ ಅವನು ಸಿಟ್ಟಾಗಲಿಲ್ಲ, ಆಶ್ಚರ್ಯವನ್ನೂ ತೋರಿಸಲಿಲ್ಲ. "ಕೇಳಲೇಬೇಕು ಡಾಕ್ಟ್ರೇ. ನಿಮ್ಮ ಜಾಗದಲ್ಲಿ ನಾನಿದ್ರೂ ಕೇಳ್ತಿದ್ದೆ. ಒಂದು ದೂರು ಬಂದ್ರೆ ಲಿಫ್ಟ್ ನಿಲ್ಲಿಸಿ ಮತ್ತೆ ತಪಾಸಣೆ ಮಾಡ್ತೀವಿ. ನಿಮ್ಮೆದುರಿಗೇ ಇನ್ನೊಂದು ಸಲ ಕೇಳಿಬಿಡಿ. ಅಮ್ಮ ಏನು ಹೇಳ್ತಾರೋ ಅದೇ ಆಗ್ಲಿ."

"ಮಗ ಹೊರಗಿರ್ಬೇಕು ಸರ್," ಅಂದಳು ಮುತ್ತಕ್ಕ. "ಅವರಿದ್ರೆ ಹೇಳಲ್ಲ. ಬೇರೆ ಕೋಣೆಗೆ ಕರ್ಕೊಂಡು ಹೋಗೋಣ."

"ಬೇರೆ ಕೋಣೆ ಎಲ್ಲಿದೆ?" ಅಂದಳು ದೊಡ್ಡಕ್ಕ. ನಿಜವೇ, ಇರಲಿಲ್ಲ. ಇದ್ದದ್ದು ಒಂದು ಸಾಮಾನು ಕೋಣೆ, ಅದರ ತುಂಬ ಮುರಿದ ಮಂಚ.

"ಅಷ್ಟಕ್ಕೇನು, ನಾನೇ ಹೋಗ್ತೀನಿ," ಅಂತ ಮಗ ಎದ್ದ, ಪರದೆ ಸರಿಸಿಕೊಂಡು ಆಚೆ ಹೋದ. ಪರದೆ ಬಟ್ಟೆಯದು, ನೆಲಕ್ಕೆ ಒಂದು ಗೇಣು ಉಳಿಸಿ ನಿಲ್ಲುತ್ತಿತ್ತು. ಅದರ ಕೆಳಗೆ ಅವನ ಪಾಲಿಶ್ ಮಾಡಿದ ಬೂಟುಗಳು ಕಾಣುತ್ತಿದ್ದವು. ಮುಂದೆ ಹೋಗಲಿಲ್ಲ, ಅಲ್ಲೇ ನಿಂತವು.

"ಸರ್, ಅವರು ಅಲ್ಲೇ ಇದ್ದಾರೆ."

"ಕೇಳಮ್ಮ, ನನಗೆ ಇನ್ನೂ ಎರಡು ಕಡೆ ಹೋಗ್ಬೇಕು."

ಮುತ್ತಕ್ಕ ಮಂಚದ ಅಂಚಿಗೆ ಕೂತಳು. ಅಜ್ಜಿಯ ಎಡಗೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. ಕೈ ಸಣ್ಣಗೆ ಬೆವರಿತ್ತು. ಡಾಕ್ಟರು ಒಂದು ಪಕ್ಕ, ದೊಡ್ಡಕ್ಕ ಇನ್ನೊಂದು ಪಕ್ಕ. ಇಬ್ಬರಿಗೂ ಕಾಣುವುದು ಒಂದರ ಮೇಲೊಂದಿದ್ದ ಎರಡು ಕೈ, ಅಷ್ಟೇ. ಒಳಗೆ ಏನಾಗುತ್ತದೆ ಅಂತ ಗೊತ್ತಾಗುವುದು ಇಬ್ಬರು ಹೆಂಗಸರಿಗೆ ಮಾತ್ರ.

"ಅಜ್ಜಿ, ಭಯ ಬೇಡ. ನನಗೆ ಏನೂ ಆಗಲ್ಲ, ನನ್ನ ಯೋಚನೆ ಬಿಡಿ. ನಿಮ್ಮ ಮಗ ನಿಮ್ಮ ಕೈ ಕಟ್ತಾರಾ?"

ಪರದೆಯ ಆಚೆ ಬೀಗದ ಕೈಗಳು ಕಿಣಿ ಅಂದವು. ಒಂದು ಕೀಲಿ ಸರಿಯಿತು, ಇನ್ನೊಂದು ಸರಿಯಿತು.

ಕೈ ಒತ್ತಿತು. ಎರಡು.

"ಸರಿಯಾಗಿ ಯೋಚನೆ ಮಾಡಿ ಅಜ್ಜಿ. ನೀರು ಕೊಡದೆ ಬೀಗ ಹಾಕ್ಕೊಂಡು ಹೋಗ್ತಾರಾ?"

ಕಿಣಿ. ಎರಡು.

"ಏನಂತಮ್ಮ?" ಅಂದರು ಡಾಕ್ಟರು.

"ಇಲ್ಲ ಅಂತಾರೆ," ಅಂದಳು ಮುತ್ತಕ್ಕ. "ಸರ್, ಆ ಕೀಲಿ ಸದ್ದು..."

"ಕೀಲಿ ಇಲ್ಲದ ಮನುಷ್ಯ ಯಾರಿದ್ದಾರೆ? ಕೊನೇದು ಕೇಳು. ಮನೆಗೆ ಹೋಗೋಕೆ ಇಷ್ಟಾನಾ ಅಂತ."

ಮುತ್ತಕ್ಕ ಅಜ್ಜಿಯ ಮುಖಕ್ಕೆ ಬಾಗಿದಳು. ಅಜ್ಜಿ ಅವಳನ್ನೇ ನೋಡುತ್ತಿದ್ದಳು. ಆ ಕಣ್ಣಿನಲ್ಲಿ ಏನಿತ್ತು ಅಂತ ಬರೆಯಲು ಯಾವ ಫೈಲಿನಲ್ಲೂ ಕಾಲಂ ಇಲ್ಲ. "ಅಜ್ಜಿ, ಮನೆಗೆ ಹೋಗ್ತೀರಾ?"

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕೈ ಒಂದು ಸಲ ಬಿಗಿಯಾಯಿತು, ಸಡಿಲಾಯಿತು. ಅವಳು ಇನ್ನೊಂದಕ್ಕೆ ಕಾದಳು. ದೇವರೇ ಇನ್ನೊಂದು ಒತ್ತಿಸು ಅಂತ ಕಾದಳು. ಬರಲಿಲ್ಲ.

ಎರಡು ಅಂದುಬಿಟ್ಟರೆ ಮುಗಿಯಿತು. ಯಾರಿಗೂ ಗೊತ್ತಾಗುವ ಹಾಗಿಲ್ಲ. ಅಜ್ಜಿ ಬಾಯಿ ಬಿಟ್ಟು ಅಲ್ಲಗಳೆಯುವ ಹಾಗಿಲ್ಲ, ಅಲ್ಲಗಳೆಯುವವಳೂ ಅಲ್ಲ. ಒಂದು ಸುಳ್ಳು, ಒಂದೇ ಒಂದು. ಇಪ್ಪತ್ತೆರಡು ವರ್ಷದಲ್ಲಿ ಅವಳು ನೋಡದ ಜ್ವರವನ್ನು ಬರೆದವಳಲ್ಲ, ಕೊಡದ ಮಾತ್ರೆಗೆ ಸಹಿ ಹಾಕಿದವಳಲ್ಲ. ಮಾತಿಲ್ಲದ ಮುದುಕಿಗೆ ಇರುವುದೊಂದೇ ಮಾತು, ಅದನ್ನೂ ನಾನೇ ತಿರುಚಿದರೆ ಪರದೆಯ ಆಚೆ ನಿಂತವನಿಗೂ ನನಗೂ ಏನು ವ್ಯತ್ಯಾಸ ಅಂತ ಒಂದು ಗಳಿಗೆ ಅನ್ನಿಸಿತು. ಆ ಒಂದು ಗಳಿಗೆಯಲ್ಲೇ ಬಾಯಿ ತೆರೆದುಬಿಟ್ಟಿತ್ತು.

"ಒಂದು," ಅಂದಳು ಮುತ್ತಕ್ಕ.

ಡಾಕ್ಟರು ಉಸಿರು ಬಿಟ್ಟರು. ಹೊಸ ಜಾಗಕ್ಕೆ ಬಂದ ಶುರುವಿನಲ್ಲಿ ಮುದುಕರಿಗೆ ಹೀಗೆ ಗಲಿಬಿಲಿ ಆಗುವುದುಂಟು ಅಂದರು. ನಾಳೆ ಮನೆಗೆ ಕಳಿಸಿ, ಹದಿನೈದು ದಿನಕ್ಕೊಮ್ಮೆ ನರ್ಸ್ ಹೋಗಿ ನೋಡಲಿ ಅಂದರು. ಪರದೆ ಸರಿಸಿ ಒಳಗೆ ಬಂದ ಮಗ, "ಧಾರಾಳವಾಗಿ ಬರ್ಲಿ. ಬರೋ ಮುಂಚೆ ಒಂದು ಫೋನ್ ಮಾಡಿದ್ರೆ ಆಯ್ತು, ನಾನು ಮನೇಲಿ ಇರ್ತೀನಿ," ಅಂದ. ಮುತ್ತಕ್ಕ ಫೈಲಿನಲ್ಲಿ ಬರೆದಳು: "ಮನೆಗೆ ಹೋಗಲು ಒಪ್ಪಿಗೆ ಕೇಳಲಾಯಿತು. ಒಂದು ಒತ್ತು. ಕೇಳುವಾಗ ಮಗ ಪರದೆಯ ಆಚೆ ಇದ್ದರು." ಕೊನೆಯ ವಾಕ್ಯವನ್ನು ದೊಡ್ಡಕ್ಕ ಓದಿ ಫೈಲು ಮುಚ್ಚಿದಳು.

ಸಂಜೆ ಮುತ್ತಕ್ಕ ದೊಡ್ಡಕ್ಕನ ಬೆನ್ನು ಬಿದ್ದಳು. ಹಿರಿಯರ ರಕ್ಷಣೆಗೆ ಅಂತ ಸರ್ಕಾರದ ಕಚೇರಿ ಇದೆ, ನಾವೇ ಒಂದು ದೂರು ಕೊಡೋಣ, ಮಣಿಕಟ್ಟಿನ ಕಲೆ ಒಂದೇ ಸಾಕು ಅಂದಳು.

"ಅಜ್ಜಿ ಬಂದ ದಿನ ಆ ಕಲೆಗೆ ನೀನೇ ಏನು ಬರೆದಿದ್ದೀಯ? ಬಿದ್ದದ್ದು, ಮಗ ಹೇಳಿದಂತೆ. ಇವತ್ತೇನು ಬರೆದಿದ್ದೀಯ? ಒಪ್ಪಿಗೆ, ಒಂದು ಒತ್ತು. ನಿನ್ನ ಅಕ್ಷರ, ನಿನ್ನ ಸಹಿ. ಅವರು ಯಾವುದನ್ನ ನಂಬಬೇಕು?" ದೊಡ್ಡಕ್ಕನ ದನಿ ಗಡುಸಾಗಿರಲಿಲ್ಲ. "ನನಗೂ ಬೇಜಾರಿದೆ ಕಣೇ. ಇನ್ನೊಬ್ಬರ ಗುಟ್ಟನ್ನ ಮಂಚಕ್ಕೆ ನೇತುಹಾಕಿದ್ದು ನಾವೇ. ಇದನ್ನೂ ಕಚೇರಿಯವರು ಕೇಳ್ತಾರೆ."

ಆದರೂ ಮುತ್ತಕ್ಕ ಫೋನ್ ಮಾಡಿದಳು. ಆ ಕಡೆಯ ಗುಮಾಸ್ತ ತಾಳ್ಮೆಯಿಂದ ಕೇಳಿ, ಲಿಖಿತವಾಗಿ ಕೊಡಿ, ಏಳು ಕೆಲಸದ ದಿನದೊಳಗೆ ನೋಡುತ್ತೇವೆ ಅಂದ. ಅವಳು ಲಿಖಿತವಾಗಿ ಬರೆದಳು. ಬರೆಯುವುದು ಅವಳಿಗೆ ಕಷ್ಟವೇ?

ಬಟ್ಟೆ ಮಡಿಸುತ್ತಿದ್ದ ಆಯಾ, "ಎರಡು ಅಂದಿದ್ರೆ ಯಾರಿಗೆ ಗೊತ್ತಾಗ್ತಿತ್ತು ಅಕ್ಕ?" ಅಂದಳು. ಚುಚ್ಚಿ ಹೇಳಿದ್ದಲ್ಲ, ಸುಮ್ಮನೆ ಕೇಳಿದ್ದು. ಮುತ್ತಕ್ಕನಿಗೂ ಅದೇ ಅನ್ನಿಸತೊಡಗಿ ಆಗಲೇ ನಾಲ್ಕು ತಾಸಾಗಿತ್ತು.

ಶುಕ್ರವಾರ ಹತ್ತಕ್ಕೆ ವ್ಯಾನು ಬಂತು. ಮಗ ಎಲ್ಲ ಸಿದ್ಧ ಮಾಡಿಕೊಂಡು ಬಂದಿದ್ದ, ಹೊಸ ಕಂಬಳಿ, ಕಾಲುಚೀಲ, ತಲೆಗೆ ಟೋಪಿ. ಫೈಲಿನ ಮೊದಲ ಪುಟದ ದಪ್ಪ ಹಾಳೆಯನ್ನು ತೋರಿಸಿ, "ಇದನ್ನ ನಾನು ಇಟ್ಕೋಬಹುದಾ ಸಿಸ್ಟರ್? ಮನೇಲಿ ಉಪಯೋಗಕ್ಕೆ ಬರುತ್ತೆ," ಅಂದ. ಅವಳು ಹೂಂ ಅನ್ನುವ ಮೊದಲೇ ದೊಡ್ಡಕ್ಕ ಬಿಡಿಸಿ ಕೊಟ್ಟಳು. ಅವನು ಅದನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿ ಜೇಬಿಗೆ ಹಾಕಿಕೊಂಡ.

ಮುತ್ತಕ್ಕ ಔಷಧಿಯ ಪಟ್ಟಿ ತರಲು ಕೋಣೆಗೆ ಹೋಗಿ ಬರುವಷ್ಟರಲ್ಲಿ ಅಜ್ಜಿಯನ್ನು ಗಾಲಿಮಂಚಕ್ಕೆ ಸಾಗಿಸಿ ಆಗಿತ್ತು. ಕಂಬಳಿಯ ಮೇಲೆ ಎರಡೂ ಕೈ ಅಕ್ಕಪಕ್ಕ ಇದ್ದವು, ಎರಡಕ್ಕೂ ಬೂದುಬಣ್ಣದ ದಪ್ಪ ಉಣ್ಣೆಯ ಗವಸು. ಬೆರಳು ಬಿಡಿಬಿಡಿಯಾಗಿರುವ ಗವಸಲ್ಲ, ಹಸುಗೂಸಿಗೆ ಹಾಕುತ್ತಾರಲ್ಲ, ಇಡೀ ಅಂಗೈಗೆ ಒಂದೇ ಗೂಡು, ಅಂಥದ್ದು. ಮಣಿಕಟ್ಟಿನ ಹತ್ತಿರ ಲಾಡಿ. ಎಡಗೈಯದಕ್ಕೆ ಎರಡು ಗಂಟು.

"ಇಷ್ಟು ಸೆಖೇಲಿ ಯಾಕೆ ಸರ್ ಇದು?" ಅಂದಳು.

"ಮುದುಕರಿಗೆ ಬೆರಳ ತುದಿಯಿಂದ್ಲೇ ಥಂಡಿ ಏರೋದು ಸಿಸ್ಟರ್. ನಿಮಗೆ ನಾನು ಹೇಳ್ಬೇಕಾ?"

ಗಾಲಿಮಂಚ ಓಣಿಯ ಉದ್ದಕ್ಕೂ ಸದ್ದು ಮಾಡುತ್ತ ಹೋಯಿತು. ಮುತ್ತಕ್ಕ ಪಕ್ಕದಲ್ಲೇ ನಡೆದಳು, ಗವಸಿನ ಮೇಲೆ ಕೈ ಇಟ್ಟುಕೊಂಡೇ ನಡೆದಳು. ಮೆಟ್ಟಿಲ ಹತ್ತಿರ ಮಗ ಚಾಲಕನಿಗೆ ಹಿಂದಿನ ಬಾಗಿಲು ತೆರೆಯಲು ಹೇಳುತ್ತ ಎರಡು ಹೆಜ್ಜೆ ಮುಂದೆ ಹೋದಾಗ ಅವಳು ಬಾಗಿದಳು. "ಅಜ್ಜಿ, ನಿನ್ನೆ ನಾನು ಒಂದು ಅಂದದ್ದು ಸರೀನಾ?"

ಉಣ್ಣೆಯ ಒಳಗೆ ಏನೋ ಅಲುಗಿತು. ಒಂದೋ ಎರಡೋ, ಅಷ್ಟು ದಪ್ಪದ ಆಚೆಯಿಂದ ತಿಳಿಯಲಿಲ್ಲ. ಅವಳು ಲಾಡಿಯ ಗಂಟಿಗೆ ಉಗುರು ಹಾಕಿದಳು. ಮೊದಲನೆಯದು ಬಿಚ್ಚಿತು. ಅಷ್ಟರಲ್ಲಿ ಇಬ್ಬರು ಬಂದು ಮಂಚ ಎತ್ತಿದರು.

ಬಾಗಿಲು ಮುಚ್ಚಿತು. ಹಿಂದಿನ ಗಾಜಿನಲ್ಲಿ ಅಜ್ಜಿಯ ಕಾಲುಕಡೆ, ಕಂಬಳಿ, ಕಂಬಳಿಯ ಮೇಲಿನ ಎರಡು ಗವಸು ಕಾಣುತ್ತಿದ್ದವು. ಪಕ್ಕದ ಸೀಟಿನಲ್ಲಿ ಮಗ, ತೊಡೆಯ ಮೇಲೆ ಕೀಲಿ ಗೊಂಚಲು. ವ್ಯಾನು ನಿಧಾನವಾಗಿ ಅಂಗಳದಲ್ಲಿ ತಿರುಗಿತು. ಆಗ ಎಡಗಡೆಯ ಗವಸು ಮೇಲೆದ್ದು ಕಂಬಳಿಯ ಮೇಲೆ ಬಿತ್ತು. ಮತ್ತೆ ಎದ್ದು ಬಿತ್ತು. ನಿಂತಿತು. ಮತ್ತೆ ಎರಡು. ನಿಂತು, ಮತ್ತೆ ಎರಡು.

"ನಿಲ್ಸಿ," ಅಂತ ಮುತ್ತಕ್ಕ ಮೆಟ್ಟಿಲಿಳಿದು ಓಡಿದಳು. "ಡ್ರೈವರ್, ನಿಲ್ಸಿ." ಎಂಜಿನ್ನಿನ ಸದ್ದಿನಲ್ಲಿ ಕೇಳಲಿಲ್ಲ. ಅವಳು ಎರಡೂ ಕೈ ಮೇಲೆತ್ತಿ ಬೀಸಿದಳು. ಚಾಲಕ ಕನ್ನಡಿಯಲ್ಲಿ ನೋಡಿ ಕಿಟಕಿಯಿಂದ ಕೈ ಹೊರಗೆ ಹಾಕಿ ತಾನೂ ಬೀಸಿದ.

ಮಗನೂ ತಿರುಗಿ ನೋಡಿದ, ನಕ್ಕ. ತಾಯಿಯ ಎಡ ಮಣಿಕಟ್ಟನ್ನು ಹಿಡಿದು, ಗವಸಿನ ಸಮೇತ ಗಾಜಿನ ಎತ್ತರಕ್ಕೆ ತಂದು, ಎಳೆಮಗುವಿಗೆ ಟಾಟಾ ಮಾಡಿಸುವ ಹಾಗೆ ಅತ್ತಿಂದಿತ್ತ ಆಡಿಸಿದ. ವ್ಯಾನು ಗೇಟು ದಾಟುವ ತನಕ ಆಡಿಸುತ್ತಲೇ ಇದ್ದ.